ಲಸಿಕೆ, ಟೆಸ್ಟ್, ಮಾಸ್ಕ್: ಯಾವಾಗ ಯಾವುದನ್ನು ಆರಿಸಬೇಕು?

2023ರ ಮೇ 5ರಂದು ವಿಶ್ವ ಆರೋಗ್ಯ ಸಂಸ್ಥೆ ಕೋವಿಡ್‌ನ ಜಾಗತಿಕ ತುರ್ತುಸ್ಥಿತಿ ಮುಗಿಯಿತು ಎಂದು ಪ್ರಕಟಿಸಿತು. ವೈರಸ್ ಮಾತ್ರ ಆ ಪ್ರಕಟಣೆ ಓದಲಿಲ್ಲ. ಈಗಲೂ ಆಗಾಗ ಅಲೆ ಏಳುತ್ತದೆ, ಹೊಸ ತಳಿಯ ಹೆಸರು ಕಿವಿಗೆ ಬೀಳುತ್ತದೆ, ಆರೋಗ್ಯ ಇಲಾಖೆಯಿಂದ ಒಂದು ಸೂಚನೆ ಹೊರಡುತ್ತದೆ. ಬದಲಾಗಿರುವುದು ಆ ಸೂಚನೆಯ ಧಾಟಿ. ಮೊದಲೆಲ್ಲ 'ಹಾಕಲೇಬೇಕು, ಮಾಡಿಸಲೇಬೇಕು' ಎಂದಿರುತ್ತಿತ್ತು. ಈಗ 'ಅಗತ್ಯ ಇರುವವರು ಲಸಿಕೆ ಹಾಕಿಸಿಕೊಳ್ಳಿ, ಜನ ಸೇರುವ ಕಡೆ ಮಾಸ್ಕ್ ಒಳ್ಳೆಯದು' ಎಂದಿರುತ್ತದೆ. ಅಗತ್ಯ ಇರುವವರು ಯಾರು, ಯಾವ ಮಾಸ್ಕ್, ಯಾವ ಟೆಸ್ಟ್ ಎಂದು ತೀರ್ಮಾನಿಸುವ ಕೆಲಸ ನಮ್ಮ ತಲೆಗೇ ಬಂದಿದೆ.

ಜನ ಸಾಮಾನ್ಯವಾಗಿ ಕೇಳುವುದು 'ಈ ಮೂರರಲ್ಲಿ ಯಾವುದು ಮುಖ್ಯ?' ಎಂದು. ಇವುಗಳ ನಡುವೆ ಪೈಪೋಟಿಯೇ ಇಲ್ಲ. ಒಂದೊಂದು ಕೆಲಸ ಮಾಡುವ ಅವಧಿಯೇ ಬೇರೆ. ಲಸಿಕೆಗೆ ಕೆಲಸ ಶುರು ಮಾಡಲು ಒಂದೆರಡು ವಾರ ಬೇಕು, ಆಮೇಲೆ ತಿಂಗಳುಗಟ್ಟಲೆ ಕಾಯುತ್ತದೆ. ಟೆಸ್ಟ್ ಕೊಡುವ ಉತ್ತರ ಇವತ್ತಿನ ಮಟ್ಟಿಗೆ ಮಾತ್ರ. ಮಾಸ್ಕ್ ಮುಖದ ಮೇಲೆ ಇರುವಷ್ಟು ಹೊತ್ತು ಮಾತ್ರ ಕೆಲಸ ಮಾಡುತ್ತದೆ, ತೆಗೆದ ಕ್ಷಣ ಮುಗಿಯಿತು. ನಾಳೆ ಬೆಳಗ್ಗೆ ವಯಸ್ಸಾದವರನ್ನು ನೋಡಲು ಹೋಗಬೇಕಿದ್ದರೆ ಇವತ್ತು ಹಾಕಿಸಿಕೊಂಡ ಲಸಿಕೆಯಿಂದ ಆ ಭೇಟಿಗೆ ಏನೂ ಉಪಯೋಗವಿಲ್ಲ. ಹಾಗೆಯೇ, ಮುಂದಿನ ಆರು ತಿಂಗಳ ಚಿಂತೆಯನ್ನು ಇವತ್ತಿನ ನೆಗೆಟಿವ್ ರಿಪೋರ್ಟ್ ಕಳೆಯುವುದಿಲ್ಲ. ನಿಮಗೆ ಬೇಕಾದ ಅವಧಿ ಯಾವುದು ಎಂದು ಗೊತ್ತಾದರೆ ಅರ್ಧ ಆಯ್ಕೆ ಮುಗಿದಂತೆ.

ಇಲಾಖೆಯ ಸೂಚನೆಯಲ್ಲಿ ಯಾವ ಸಂಖ್ಯೆ ನೋಡಬೇಕು

ದಿನಕ್ಕೆ ಇಷ್ಟು ಪ್ರಕರಣ ಎಂಬ ಲೆಕ್ಕಕ್ಕೆ ಈಗ ಜಾಸ್ತಿ ಬೆಲೆ ಕೊಡಬೇಡಿ. ಹೆಚ್ಚಿನವರು ಟೆಸ್ಟ್ ಮಾಡಿಸುವುದೇ ಇಲ್ಲ. ಮಾಡಿಕೊಂಡವರು ಮನೆಯಲ್ಲೇ ಕಿಟ್‌ನಲ್ಲಿ ನೋಡಿಕೊಂಡು ಸುಮ್ಮನಾಗುತ್ತಾರೆ, ಅದು ಯಾರ ಲೆಕ್ಕಕ್ಕೂ ಸೇರುವುದಿಲ್ಲ. ಅದಕ್ಕಿಂತ ಪಾಸಿಟಿವಿಟಿ ದರ, ಅಂದರೆ ಟೆಸ್ಟ್ ಮಾಡಿಸಿದ ನೂರು ಜನರಲ್ಲಿ ಎಷ್ಟು ಮಂದಿಗೆ ಪಾಸಿಟಿವ್ ಬಂತು ಎಂಬುದು ವಾಸಿ. ಅದು ವಾರದಿಂದ ವಾರಕ್ಕೆ ಏರುತ್ತಿದ್ದರೆ ಅಲೆ ಬರುತ್ತಿದೆ ಎಂದು ತಿಳಿಯಬಹುದು. ಇನ್ನೂ ಒಳ್ಳೆಯ ಸೂಚಕ ಚರಂಡಿ ನೀರಿನ ಪರೀಕ್ಷೆ. ಸೋಂಕು ತಗುಲಿದವರ ಮಲದಲ್ಲಿ ವೈರಸ್‌ನ ತುಣುಕುಗಳು ಹೊರಬೀಳುತ್ತವೆ. ಒಳಚರಂಡಿಯ ನೀರನ್ನು ಪರೀಕ್ಷಿಸಿದರೆ ಯಾರೂ ಟೆಸ್ಟ್ ಮಾಡಿಸದಿದ್ದರೂ ಊರಿನ ಸ್ಥಿತಿ ಗೊತ್ತಾಗುತ್ತದೆ. ಆಸ್ಪತ್ರೆ ದಾಖಲಾತಿ ನಂಬಿಕಸ್ತ ಸಂಖ್ಯೆಯೇ, ಆದರೆ ಅದು ತಡವಾಗಿ ಬರುತ್ತದೆ. ಸಾವಿನ ಸಂಖ್ಯೆ ಅದಕ್ಕಿಂತಲೂ ತಡ.

ಇನ್ನೆರಡು ವಿಷಯ. ಸೂಚನೆಯ ಕೆಳಗಿರುವ ದಿನಾಂಕ ನೋಡಿ, ಎರಡು ವರ್ಷ ಹಳೆಯ ಆದೇಶಗಳು ಇವತ್ತಿನದರಂತೆ ಮೊಬೈಲ್‌ನಿಂದ ಮೊಬೈಲ್‌ಗೆ ಓಡಾಡುತ್ತಿರುತ್ತವೆ. ಮತ್ತೆ, ಲಸಿಕೆಗೆ ನೀವು 'ಅರ್ಹರು' ಎಂದರೆ ಕೇಳಿದರೆ ಕೊಡುತ್ತಾರೆ ಎಂದಷ್ಟೇ. 'ಶಿಫಾರಸು ಮಾಡಲಾಗಿದೆ' ಎಂದಿದ್ದರೆ ನಿಮ್ಮಂಥವರಿಗೆ ಅದರಿಂದ ಲಾಭ ಇದೆ ಎಂದು ತಜ್ಞರು ಲೆಕ್ಕ ಹಾಕಿದ್ದಾರೆ ಎಂದು.

ಟೆಸ್ಟ್: ಪಿಸಿಆರೋ, ರ‍್ಯಾಪಿಡ್ ಕಿಟ್ಟೋ?

ಆರ್‌ಟಿ-ಪಿಸಿಆರ್ ಹುಡುಕುವುದು ವೈರಸ್‌ನ ವಂಶವಾಹಿ ವಸ್ತುವಾದ ಆರ್‌ಎನ್‌ಎಯನ್ನು. ಸಿಕ್ಕ ತುಣುಕನ್ನು ಪ್ರತಿ ಸುತ್ತಿನಲ್ಲೂ ದುಪ್ಪಟ್ಟು ಮಾಡುತ್ತಾ ಹೋಗುತ್ತದೆ. ಎಲ್ಲ ಸರಿಯಾಗಿ ನಡೆದರೆ 30 ಸುತ್ತಿನಲ್ಲಿ ಒಂದು ತುಣುಕು ನೂರು ಕೋಟಿಗೂ ಮೀರುತ್ತದೆ. ಹಾಗಾಗಿ ಸ್ಯಾಂಪಲ್‌ನಲ್ಲಿ ವೈರಸ್ ಎಳ್ಳಷ್ಟಿದ್ದರೂ ಸಿಕ್ಕಿಬೀಳುತ್ತದೆ.

ಇದರ ಶಕ್ತಿಯೇ ಇದರ ತೊಂದರೆ ಕೂಡ. ಗುಣವಾದ ಮೇಲೂ ಸತ್ತ ವೈರಸ್‌ನ ಚೂರುಗಳು ಮೂಗು ಗಂಟಲಲ್ಲಿ ವಾರಗಟ್ಟಲೆ, ಕೆಲವರಲ್ಲಿ ಮೂರು ತಿಂಗಳವರೆಗೂ ಉಳಿಯಬಹುದು. ಪಿಸಿಆರ್‌ಗೆ ಬದುಕಿರುವ ವೈರಸ್ಸಿಗೂ ಅದರ ಚೂರಿಗೂ ವ್ಯತ್ಯಾಸ ತಿಳಿಯದು. 'ನೆಗೆಟಿವ್ ಬರಲಿ, ಆಮೇಲೆ ಕೆಲಸಕ್ಕೆ ಹೋಗುತ್ತೇನೆ' ಎಂದು ಪಿಸಿಆರ್ ಮೇಲೆ ಪಿಸಿಆರ್ ಮಾಡಿಸುವುದು ಸುಮ್ನೆ ಖರ್ಚು. ರಿಪೋರ್ಟ್‌ನಲ್ಲಿ ಸಿಟಿ ಮೌಲ್ಯ ಎಂದಿರುತ್ತದಲ್ಲ, ಅದು ವೈರಸ್ ಕಾಣಿಸಿಕೊಳ್ಳಲು ಎಷ್ಟು ಸುತ್ತು ಬೇಕಾಯಿತು ಎಂಬ ಲೆಕ್ಕ. ಕಡಿಮೆ ಇದ್ದರೆ ವೈರಸ್ ಜಾಸ್ತಿ ಇತ್ತು ಎಂದು. ಆದರೆ ಸ್ಯಾಂಪಲ್ ತೆಗೆದ ರೀತಿ, ಬಳಸಿದ ಕಿಟ್, ಯಂತ್ರ ಇವೆಲ್ಲದರ ಮೇಲೂ ಅದು ಬದಲಾಗುತ್ತದೆ. ಒಂದು ಲ್ಯಾಬ್‌ನ ಸಂಖ್ಯೆಯನ್ನು ಇನ್ನೊಂದರ ಜೊತೆ ಹೋಲಿಸಿ ಕಾಯಿಲೆ ಏರಿತು, ಇಳಿಯಿತು ಎನ್ನಲಾಗದು.

ರ‍್ಯಾಪಿಡ್ ಆಂಟಿಜೆನ್ ಕಿಟ್ ಹುಡುಕುವುದು ವೈರಸ್‌ನ ಪ್ರೋಟೀನನ್ನು. ಇಲ್ಲಿ ದುಪ್ಪಟ್ಟು ಮಾಡುವ ಆಟ ಇಲ್ಲ. ಇದ್ದಷ್ಟರಲ್ಲೇ ಗೆರೆ ಮೂಡಬೇಕು. ಹಾಗಾಗಿ ಮೂಗಿನಲ್ಲಿ ವೈರಸ್ ಸಾಕಷ್ಟು ಇದ್ದರೆ ಮಾತ್ರ ಪಾಸಿಟಿವ್. ಹಾಗೆ ಸಾಕಷ್ಟು ಇರುವ ದಿನಗಳೇ ನೀವು ಬೇರೆಯವರಿಗೆ ಹರಡುವ ದಿನಗಳೂ ಹೌದು, ಹೆಚ್ಚೂ ಕಡಿಮೆ. ಉತ್ತರ 15ರಿಂದ 30 ನಿಮಿಷದಲ್ಲಿ ಸಿಗುತ್ತದೆ.

ಹಾಗಾದರೆ ಎಷ್ಟು ನಂಬಬಹುದು? ನೂರಕ್ಕೂ ಹೆಚ್ಚು ಅಧ್ಯಯನಗಳ ಫಲಿತಾಂಶಗಳನ್ನು ಒಟ್ಟು ಸೇರಿಸಿ ನೋಡಿದ ಕಾಕ್ರೇನ್ ವಿಮರ್ಶೆಯ ಪ್ರಕಾರ, ಸೋಂಕು ಇದ್ದು ಲಕ್ಷಣವೂ ಇರುವ 100 ಜನರಲ್ಲಿ ಸುಮಾರು 73 ಮಂದಿಯನ್ನು ಈ ಕಿಟ್‌ಗಳು ಹಿಡಿದವು. ಲಕ್ಷಣ ಇಲ್ಲದವರಲ್ಲಿ ಸುಮಾರು 55 ಮಂದಿಯನ್ನು ಮಾತ್ರ. ಸೋಂಕೇ ಇಲ್ಲದವರಿಗೆ ತಪ್ಪಾಗಿ ಪಾಸಿಟಿವ್ ತೋರಿಸಿದ್ದು ನೂರಕ್ಕೆ ಒಂದಕ್ಕಿಂತ ಕಡಿಮೆ.

ಈ ಸಂಖ್ಯೆಗಳನ್ನು ಸ್ವಲ್ಪ ಉಜ್ಜಿ ನೋಡೋಣ, ಏಕೆಂದರೆ ಇಲ್ಲೇ ಜನ ಎಡವುವುದು. ಅಲೆ ಜೋರಾಗಿರುವಾಗ ಜ್ವರ ಕೆಮ್ಮು ಇರುವ 100 ಜನ ಕಿಟ್ ಬಳಸಿದರು ಎಂದುಕೊಳ್ಳಿ. ಅವರಲ್ಲಿ 30 ಮಂದಿಗೆ ನಿಜವಾಗಿ ಕೋವಿಡ್ ಇದೆ. ಕಿಟ್ ಸುಮಾರು 22 ಮಂದಿಯನ್ನು ಹಿಡಿಯುತ್ತದೆ, 8 ಮಂದಿ ತಪ್ಪಿಸಿಕೊಳ್ಳುತ್ತಾರೆ. ಪಾಸಿಟಿವ್ ಬಂದವರೆಲ್ಲ ಬಹುತೇಕ ನಿಜವಾದ ಪಾಸಿಟಿವ್. ಆದರೆ ನೆಗೆಟಿವ್ ಬಂದ 78 ಜನರಲ್ಲಿ 8 ಮಂದಿಗೆ ಸೋಂಕಿದೆ. ಹತ್ತರಲ್ಲಿ ಒಬ್ಬರು!

ಈಗ ಅಲೆ ಇಲ್ಲದ ಕಾಲ. ಯಾವ ಲಕ್ಷಣವೂ ಇಲ್ಲದ 1,000 ಜನ ಪರೀಕ್ಷೆ ಮಾಡಿಕೊಂಡರು, ಸೋಂಕು ಇರುವುದು 5 ಜನರಿಗೆ. ಕಿಟ್ ಹಿಡಿಯುವುದು ಮೂವರನ್ನು. ಉಳಿದ 995 ಜನರಲ್ಲಿ ತಪ್ಪು ಪಾಸಿಟಿವ್ 200ಕ್ಕೆ ಒಂದರಂತೆ ಬಂದರೂ 5 ಮಂದಿ. ಅಂದರೆ ಪಾಸಿಟಿವ್ ಬಂದ 8 ಜನರಲ್ಲಿ 5 ಮಂದಿಗೆ ಏನೂ ಆಗಿಲ್ಲ. ಅದೇ ಕಿಟ್, ಅದೇ ಗೆರೆ. ಯಾರು, ಯಾವಾಗ ಮಾಡಿಕೊಂಡರು ಎಂಬುದರ ಮೇಲೆ ಅದರ ಅರ್ಥವೇ ತಲೆಕೆಳಗಾಗುತ್ತದೆ. ಹಾಗಾಗಿ ಅಲೆಯ ಕಾಲದಲ್ಲಿ ಲಕ್ಷಣ ಇದ್ದವರಿಗೆ ಬಂದ ಪಾಸಿಟಿವ್ ಅನ್ನು ಕಣ್ಣುಮುಚ್ಚಿ ನಂಬಿ, ನೆಗೆಟಿವ್ ಅನ್ನು ಅನುಮಾನಿಸಿ. ಅಲೆ ಇಲ್ಲದಾಗ ಲಕ್ಷಣವಿಲ್ಲದೆ ಬಂದ ಪಾಸಿಟಿವ್ ಅನ್ನು ಪಿಸಿಆರ್‌ನಲ್ಲಿ ಖಚಿತ ಮಾಡಿಕೊಳ್ಳಿ.

ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2022ರ ಆಗಸ್ಟ್‌ನಲ್ಲಿ ಇದೇ ಕಾರಣಕ್ಕೆ ಒಂದು ಸರಳ ಲೆಕ್ಕ ಹೇಳಿತು. ಲಕ್ಷಣ ಇದ್ದು ಕಿಟ್ ನೆಗೆಟಿವ್ ತೋರಿಸಿದರೆ 48 ಗಂಟೆ ಬಿಟ್ಟು ಇನ್ನೊಂದು. ಸಂಪರ್ಕ ಆಗಿದೆ ಎಂಬ ಅನುಮಾನ ಇದ್ದು ಲಕ್ಷಣ ಇಲ್ಲದಿದ್ದರೆ 48 ಗಂಟೆಗೊಂದರಂತೆ ಒಟ್ಟು ಮೂರು. ಒಂದೇ ನೆಗೆಟಿವ್ ಇಟ್ಟುಕೊಂಡು ಮದುವೆ ಮನೆಗೆ ಹೊರಡುವವರು ಇದನ್ನು ನೆನಪಿಡಬೇಕು.

ಹಾಗೆಯೇ ಸೋಂಕಿತರ ಜೊತೆ ಕೂತು ಬಂದ ದಿನವೇ ಟೆಸ್ಟ್ ಮಾಡಿಕೊಂಡು ಪ್ರಯೋಜನವಿಲ್ಲ. ವೈರಸ್ ಬೆಳೆಯಲು ಸಮಯ ಬೇಕು. ಒಮಿಕ್ರಾನ್ ಬಂದ ಮೇಲೆ ಸಂಪರ್ಕದಿಂದ ಲಕ್ಷಣಕ್ಕೆ ಸರಾಸರಿ ಮೂರು ದಿನದ ಆಸುಪಾಸು ಸಾಕಾಗುತ್ತಿದೆ, ಮೊದಲಿನ ತಳಿಗಳಲ್ಲಿ ಐದರ ಹತ್ತಿರ ಬೇಕಿತ್ತು. ಲಕ್ಷಣ ಬರದಿದ್ದರೆ ಸಂಪರ್ಕವಾಗಿ ಐದು ದಿನ ಕಳೆದ ಮೇಲೆ ಮಾಡಿಕೊಳ್ಳುವುದು ಸರಿ. ನಡುವೆ ಲಕ್ಷಣ ಕಂಡರೆ ಆಗಲೇ ಮಾಡಿಕೊಳ್ಳಿ.

ಕಿಟ್ ಬಳಸುವಾಗ ಆಗುವ ತಪ್ಪುಗಳು ಹೆಚ್ಚಾಗಿ ಗಡಿಯಾರದ್ದು. ಹಾಳೆಯಲ್ಲಿ 15 ನಿಮಿಷ ಎಂದಿದ್ದರೆ 5 ನಿಮಿಷಕ್ಕೆ ನೋಡಿ ಎಸೆಯಬಾರದು, ಎರಡು ಗಂಟೆ ಬಿಟ್ಟು ಬಂದು ನೋಡಲೂಬಾರದು. ಅಷ್ಟು ಹೊತ್ತಿಗೆ ಒಣಗಿ ಮೂಡುವ ಗೆರೆಗೆ ಅರ್ಥವಿಲ್ಲ. ಸರಿಯಾದ ಸಮಯದೊಳಗೆ 'ಟಿ' ಎದುರು ಎಷ್ಟೇ ಮಸುಕಾಗಿ ಗೆರೆ ಮೂಡಿದರೂ ಅದು ಪಾಸಿಟಿವ್. 'ಸಿ' ಎದುರು ಗೆರೆ ಇಲ್ಲದಿದ್ದರೆ ಕಿಟ್ಟೇ ಕೆಟ್ಟಿದೆ, ಹೊಸದು ತೆಗೆಯಿರಿ. ಬಿಸಿಲಲ್ಲಿ ನಿಂತ ಕಾರಿನೊಳಗೆ ಕಿಟ್ ಇಡಬೇಡಿ. ಸಾಮಾನ್ಯವಾಗಿ ಇವನ್ನು 2ರಿಂದ 30 ಡಿಗ್ರಿ ಸೆಲ್ಸಿಯಸ್ ಒಳಗೆ ಇಡಬೇಕು.

ಇವೆರಡರ ಮಧ್ಯೆ ಇನ್ನೊಂದು ಬಗೆ ಇದೆ. ಜೀನ್‌ಎಕ್ಸ್‌ಪರ್ಟ್‌ನಂಥ ಸಣ್ಣ ಯಂತ್ರಗಳು ಪಿಸಿಆರ್ ಕೆಲಸವನ್ನೇ ಒಂದು ಗಂಟೆಯೊಳಗೆ ಮಾಡಿಕೊಡುತ್ತವೆ. ಆಸ್ಪತ್ರೆಯಲ್ಲಿ ತುರ್ತಾಗಿ ಬೇಕಾದಾಗ ಇದೇ ಸರಿ. ಪ್ರತಿಕಾಯದ (ಆ್ಯಂಟಿಬಾಡಿ) ರಕ್ತ ಪರೀಕ್ಷೆ ಈ ಸಾಲಿಗೇ ಸೇರುವುದಿಲ್ಲ. ಅದು ಹಿಂದೆ ಯಾವಾಗಲೋ ಆದ ಸೋಂಕಿನ ಅಥವಾ ಲಸಿಕೆಯ ಗುರುತು ಹೇಳುತ್ತದೆ, ಈಗ ಕಾಯಿಲೆ ಇದೆಯೇ ಎಂದು ಹೇಳುವುದಿಲ್ಲ.

ಇಷ್ಟರ ಮೇಲೆ ಒಂದು ಮಾತು ಅಪಾಯ ಜಾಸ್ತಿ ಇರುವವರಿಗೆ: ವಯಸ್ಸಾದವರು, ಸಕ್ಕರೆ ಕಾಯಿಲೆ, ಹೃದಯ, ಶ್ವಾಸಕೋಶ, ಕಿಡ್ನಿ ತೊಂದರೆ ಇರುವವರು, ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು. ಇವರಿಗೆ 48 ಗಂಟೆ ಕಾಯುವ ಲೆಕ್ಕ ಸರಿಹೋಗದು. ಕೋವಿಡ್ ವೈರಸ್ಸಿನ ಮೇಲೆ ಕೆಲಸ ಮಾಡುವ ಪ್ಯಾಕ್ಸ್‌ಲೋವಿಡ್ ಮಾತ್ರೆಯನ್ನು ಲಕ್ಷಣ ಶುರುವಾದ ಐದು ದಿನದೊಳಗೆ ಆರಂಭಿಸಬೇಕು. ಕಿಟ್ ನೆಗೆಟಿವ್ ಬಂದರೂ ಅದೇ ದಿನ ಪಿಸಿಆರ್‌ಗೆ ಕೊಟ್ಟು ವೈದ್ಯರಿಗೆ ಫೋನ್ ಮಾಡಿ. ಈ ಮಾತ್ರೆ ಕೊಲೆಸ್ಟ್ರಾಲ್‌ನ ಕೆಲವು ಮಾತ್ರೆಗಳ ಜೊತೆ, ಇನ್ನೂ ಹಲವು ಔಷಧಿಗಳ ಜೊತೆ ಹೊಂದುವುದಿಲ್ಲ. ಹಾಗಾಗಿ ದಿನಾ ತೆಗೆದುಕೊಳ್ಳುವ ಎಲ್ಲ ಮಾತ್ರೆಗಳ ಪಟ್ಟಿ ಕೈಯಲ್ಲಿರಲಿ.

ಮಾಸ್ಕ್: ಬಟ್ಟೆ, ಸರ್ಜಿಕಲ್, ಎನ್‌95

ಮಾಸ್ಕ್ ಜರಡಿಯಂತೆ ಕೆಲಸ ಮಾಡುತ್ತದೆ ಎಂದೇ ಹೆಚ್ಚಿನವರು ಭಾವಿಸಿದ್ದಾರೆ. ತೂತಿಗಿಂತ ದೊಡ್ಡದು ನಿಲ್ಲುತ್ತದೆ, ಚಿಕ್ಕದು ನುಸುಳುತ್ತದೆ ಎಂದು. 'ವೈರಸ್ ಅಷ್ಟು ಚಿಕ್ಕದು, ಮಾಸ್ಕ್ ಏನು ತಡೆಯುತ್ತೆ?' ಎಂಬ ವಾದ ಹುಟ್ಟುವುದೇ ಇಲ್ಲಿಂದ. ನಿಜ ಬೇರೆ. ಎನ್‌95ನೊಳಗೆ ಅಡ್ಡಾದಿಡ್ಡಿ ಹೆಣೆದುಕೊಂಡ ಸಣ್ಣ ಎಳೆಗಳಿರುತ್ತವೆ, ಅವುಗಳ ಮೇಲೆ ಸ್ಥಿರ ವಿದ್ಯುತ್ ಇರುತ್ತದೆ. ದೊಡ್ಡ ಕಣಗಳು ನೇರ ಹೋಗಿ ಎಳೆಗೆ ಬಡಿಯುತ್ತವೆ. ತೀರಾ ಸಣ್ಣ ಕಣಗಳು ಗಾಳಿಯ ಅಣುಗಳ ತಳ್ಳಾಟಕ್ಕೆ ಸಿಕ್ಕಿ ಅತ್ತಿತ್ತ ಓಲಾಡುತ್ತಾ ಯಾವುದೋ ಎಳೆಗೆ ತಗುಲಿ ಅಂಟಿಕೊಳ್ಳುತ್ತವೆ. ತಪ್ಪಿಸಿಕೊಳ್ಳುವುದರಲ್ಲಿ ನಿಸ್ಸೀಮವಾದವು ಮಧ್ಯದ ಅಳತೆಯವು, ಸುಮಾರು 0.3 ಮೈಕ್ರಾನ್‌ನವು (ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲು). ಎನ್‌95 ಪರೀಕ್ಷೆ ಮಾಡುವುದು ಅಂಥ ಕಷ್ಟದ ಕಣಗಳ ಮೇಲೇ, ಅದರಲ್ಲಿ ಕನಿಷ್ಠ 95% ತಡೆದರೆ ಪಾಸ್. ಅದೂ ಅಲ್ಲದೆ ವೈರಸ್ ಒಂಟಿಯಾಗಿ ಹಾರಾಡುವುದಿಲ್ಲ, ನಮ್ಮ ಉಸಿರು ಮಾತಿನಿಂದ ಹೊರಡುವ ಹನಿಗಳ ಒಳಗೆ ಕೂತು ಹೋಗುತ್ತದೆ.

ಎನ್‌95 ಅಮೆರಿಕದ ಮಾನದಂಡ. ಯುರೋಪಿನ ಎಫ್‌ಎಫ್‌ಪಿ2 ಮತ್ತು ಕೊರಿಯಾದ ಕೆಎಫ್‌94 ಕನಿಷ್ಠ 94% ತಡೆಯಬೇಕು, ಚೀನಾದ ಕೆಎನ್‌95 ಕನಿಷ್ಠ 95%. ಕಾಗದದ ಮೇಲೆ ಇವೆಲ್ಲ ಅಣ್ಣತಮ್ಮಂದಿರೇ. ವ್ಯತ್ಯಾಸ ಇರುವುದು ಕಟ್ಟುವ ರೀತಿಯಲ್ಲಿ. ಎನ್‌95ಗೆ ತಲೆಯ ಹಿಂದೆ ಎಳೆದುಕೊಳ್ಳುವ ಎರಡು ಪಟ್ಟಿ ಇರುತ್ತವೆ, ಕೆಎನ್‌95 ಮತ್ತು ಕೆಎಫ್‌94ಗೆ ಹೆಚ್ಚಾಗಿ ಕಿವಿಗೆ ಸಿಕ್ಕಿಸುವ ಕುಣಿಕೆ. ತಲೆಪಟ್ಟಿ ಬಿಗಿಯಾಗಿ ಕೂರುತ್ತದೆ, ಕಿವಿಯ ಕುಣಿಕೆ ಹಾಕಲು ತೆಗೆಯಲು ಸುಲಭ. ಕಿವಿಗೆ ಸಿಕ್ಕಿಸುವ ಮಾಸ್ಕ್ ಮೇಲೆ 'ಎನ್‌95' ಎಂದಿದ್ದರೆ ಅನುಮಾನಪಡಿ. ಇಂಥ ಮಾಸ್ಕ್‌ಗಳನ್ನು ಪರೀಕ್ಷಿಸಿ ಒಪ್ಪಿಗೆ ಕೊಡುವ ಅಮೆರಿಕದ ನಯಾಶ್ (NIOSH) ಸಂಸ್ಥೆ ಒಪ್ಪಿದ ಎನ್‌95 ಮೇಲೆ 'ಟಿಸಿ-84ಎ' ಎಂದು ಶುರುವಾಗುವ ಸಂಖ್ಯೆ ಅಚ್ಚಾಗಿರುತ್ತದೆ. 'ಮಕ್ಕಳ ಎನ್‌95, ನಯಾಶ್ ಅನುಮೋದಿತ' ಎಂದು ಮಾರುತ್ತಿದ್ದರೆ ಅದು ಸುಳ್ಳು, ಆ ಸಂಸ್ಥೆ ಮಕ್ಕಳಿಗೆಂದು ಯಾವ ಮಾಸ್ಕ್‌ಗೂ ಒಪ್ಪಿಗೆ ಕೊಡುವುದಿಲ್ಲ. ಎಫ್‌ಎಫ್‌ಪಿ2 ಆದರೆ ಸಿಇ ಗುರುತಿನ ಪಕ್ಕ ನಾಲ್ಕು ಅಂಕಿ ಇರಬೇಕು.

ಇನ್ನು ಸರ್ಜಿಕಲ್ ಮಾಸ್ಕ್. ಡಬ್ಬಿಯ ಮೇಲೆ '98% ಫಿಲ್ಟರೇಶನ್' ಎಂದು ಬರೆದಿರುತ್ತದೆ. ಹಾಗಾದರೆ 95ಕ್ಕಿಂತ ಇದೇ ಮೇಲಲ್ವಾ? ಅಲ್ಲ. ಆ 98ನ್ನು ಅಳೆದಿರುವುದು ಬ್ಯಾಕ್ಟೀರಿಯಾ ತುಂಬಿದ, ಸುಮಾರು 3 ಮೈಕ್ರಾನ್ ಅಳತೆಯ ಹನಿಗಳ ಮೇಲೆ. ಎನ್‌95 ಪರೀಕ್ಷೆಯ ಕಣಕ್ಕಿಂತ ಅದು ಎಷ್ಟೋ ಪಟ್ಟು ದೊಡ್ಡದು. ಈ ಎರಡು ಸಂಖ್ಯೆಗಳನ್ನು ಪಕ್ಕಪಕ್ಕ ಇಡುವಂತೆಯೇ ಇಲ್ಲ. ಜೊತೆಗೆ ಸರ್ಜಿಕಲ್ ಮಾಸ್ಕ್‌ನ ಬಟ್ಟೆ ಎಷ್ಟೇ ಚೆನ್ನಾಗಿದ್ದರೂ ಕೆನ್ನೆಯ ಎರಡೂ ಬದಿ ಬಾಯಿ ಬಿಟ್ಟುಕೊಂಡಿರುತ್ತದೆ. ಗಾಳಿ ಸುಲಭದ ದಾರಿ ಹುಡುಕುತ್ತದೆ, ಆ ಸಂದಿಯಿಂದಲೇ ನುಗ್ಗುತ್ತದೆ. ಇದನ್ನು ಕಂಡುಹಿಡಿದಿದ್ದೇ ವೈದ್ಯರ ಬಾಯಿಯ ಹನಿಗಳು ರೋಗಿಯ ಗಾಯಕ್ಕೆ ಬೀಳದಿರಲಿ ಎಂದು, ಹಾಕಿಕೊಂಡವರನ್ನು ಕಾಯಲಿ ಎಂದಲ್ಲ.

ಆದರೂ ಅದನ್ನು ತಳ್ಳಿಹಾಕಬೇಡಿ. ಬಾಂಗ್ಲಾದೇಶದ 600 ಹಳ್ಳಿಗಳಲ್ಲಿ 3.4 ಲಕ್ಷಕ್ಕೂ ಹೆಚ್ಚು ವಯಸ್ಕರನ್ನು ಒಳಗೊಂಡ ಪ್ರಯೋಗವೊಂದು ನಡೆಯಿತು. ಅರ್ಧದಷ್ಟು ಹಳ್ಳಿಗಳಲ್ಲಿ ಮಾಸ್ಕ್ ಹಂಚಿ, ಹಾಕಿಕೊಳ್ಳುವಂತೆ ನೆನಪಿಸುತ್ತಾ ಹೋದರು. ಅಲ್ಲಿ ಸರಿಯಾಗಿ ಮಾಸ್ಕ್ ಹಾಕುವವರು ಸುಮಾರು 42% ಆದರು, ಉಳಿದ ಹಳ್ಳಿಗಳಲ್ಲಿ 13%. ಅಷ್ಟಕ್ಕೇ, ಸರ್ಜಿಕಲ್ ಮಾಸ್ಕ್ ಹಂಚಿದ ಹಳ್ಳಿಗಳಲ್ಲಿ ಲಕ್ಷಣ ಇದ್ದು ರಕ್ತ ಪರೀಕ್ಷೆಯಲ್ಲೂ ಖಚಿತವಾದ ಸೋಂಕು ಸುಮಾರು 11% ಇಳಿಯಿತು. 60 ದಾಟಿದವರಲ್ಲಿ ಸುಮಾರು 35%. ಬಟ್ಟೆ ಮಾಸ್ಕ್ ಹಂಚಿದ ಕಡೆ ಅಂಥ ಸ್ಪಷ್ಟ ಇಳಿಕೆ ಕಾಣಲಿಲ್ಲ. ಅದಕ್ಕೂ ಮೊದಲು 2015ರಲ್ಲಿ ಪ್ರಕಟವಾದ ವಿಯೆಟ್ನಾಂನ ಅಧ್ಯಯನವೊಂದರಲ್ಲಿ, ಬಟ್ಟೆ ಮಾಸ್ಕ್ ಹಾಕಿದ ಆಸ್ಪತ್ರೆ ಸಿಬ್ಬಂದಿಗೆ ಸರ್ಜಿಕಲ್ ಮಾಸ್ಕ್ ಹಾಕಿದವರಿಗಿಂತ ಸೋಂಕು ಜಾಸ್ತಿ ತಗುಲಿತ್ತು. ನನ್ನ ಮಟ್ಟಿಗೆ ಬಟ್ಟೆ ಮಾಸ್ಕ್‌ನ ಕಾಲ ಮುಗಿದಿದೆ. 2020ರಲ್ಲಿ ಬೇರೆ ಸಿಗದಾಗ ಅದು ಬೇಕಿತ್ತು, ಸರಿ. ಈಗ ಅದಕ್ಕೆ ಉಳಿದಿರುವ ಒಂದೇ ಒಳ್ಳೆಯ ಕೆಲಸ ಸರ್ಜಿಕಲ್ ಮಾಸ್ಕ್ ಮೇಲೆ ಹಾಕಿ ಅದನ್ನು ಕೆನ್ನೆಗೆ ಒತ್ತಿ ಹಿಡಿಯುವುದು. ಅದೂ ಬೇಡವೆಂದರೆ ಸರ್ಜಿಕಲ್ ಮಾಸ್ಕ್‌ನ ಕಿವಿ ದಾರವನ್ನು ಅಂಚಿನ ಹತ್ತಿರ ಗಂಟು ಹಾಕಿ, ಬದಿಯ ಮಡಿಕೆಯನ್ನು ಒಳಗೆ ಸೇರಿಸಿ. ಸಂದಿ ಎಷ್ಟೋ ಕಡಿಮೆಯಾಗುತ್ತದೆ.

ಎನ್‌95 ಕೂಡ ಸರಿಯಾಗಿ ಕೂರದಿದ್ದರೆ ಬರೀ ಹೆಸರಿಗೆ ಎನ್‌95. ಹಾಕಿಕೊಂಡು ಮೂಗಿನ ಪಟ್ಟಿಯನ್ನು ಎರಡೂ ಕೈಯ ಬೆರಳಿನಿಂದ ಒತ್ತಿ, ಜೋರಾಗಿ ಉಸಿರು ಬಿಡಿ. ಕಣ್ಣಿಗೆ ಗಾಳಿ ತಾಗಿದರೆ, ಕನ್ನಡಕ ಮಂಜಾದರೆ ಸೋರಿಕೆ ಇದೆ ಎಂದು. ಗಡ್ಡ ಇದ್ದರೆ ಸೀಲ್ ಕೂರುವುದೇ ಕಷ್ಟ. ಕವಾಟ ಇರುವ ಮಾಸ್ಕ್ ಹಾಕಿದವರಿಗೆ ಹಾಯ್, ಎದುರಿನವರಿಗೆ ಅಲ್ಲ, ಏಕೆಂದರೆ ನೀವು ಬಿಡುವ ಉಸಿರು ಸೋಸದೆ ಹೊರಗೆ ಹೋಗುತ್ತದೆ. ಮತ್ತೆ ದಯವಿಟ್ಟು ಎನ್‌95 ಒಗೆಯಬೇಡಿ, ಸ್ಯಾನಿಟೈಸರ್ ಸಿಂಪಡಿಸಬೇಡಿ. ಎಳೆಗಳ ಮೇಲಿನ ಸ್ಥಿರ ವಿದ್ಯುತ್ ಹೊರಟುಹೋದರೆ ನೋಡಲು ಹೊಸದರಂತಿದ್ದರೂ ಸೋಸುವ ಶಕ್ತಿ ಬಿದ್ದುಹೋಗಿರುತ್ತದೆ. ಕಾಗದದ ಚೀಲದಲ್ಲಿ ಒಣಗಲು ಬಿಟ್ಟು ಮತ್ತೆ ಬಳಸಬಹುದು. ಒದ್ದೆಯಾದರೆ, ಕೊಳೆಯಾದರೆ, ಪಟ್ಟಿ ಸಡಿಲವಾದರೆ ಎಸೆಯಿರಿ.

ಐದು ವರ್ಷದೊಳಗಿನ ಮಕ್ಕಳಿಗೆ ಮಾಸ್ಕ್ ಕಡ್ಡಾಯ ಮಾಡಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಎರಡು ವರ್ಷದೊಳಗಿನವರಿಗೆ ಹಾಕಲೇಬಾರದು, ತಾವಾಗಿ ತೆಗೆಯಲಾಗದ ರೋಗಿಗಳಿಗೂ ಅಷ್ಟೇ.

ದಿನವಿಡೀ ಹಾಕಿಕೊಳ್ಳಬೇಕೇ? ಬೇಡ. ಬಯಲಿನಲ್ಲಿ, ಗಾಳಿಯಾಡುವ ಕಡೆ ಅಪಾಯ ಕಡಿಮೆ. ಕಿಟಕಿ ಮುಚ್ಚಿದ, ಜನ ತುಂಬಿದ, ಜಾಸ್ತಿ ಹೊತ್ತು ಕೂರಬೇಕಾದ ಕೋಣೆಗೆ ಮಾಸ್ಕ್ ಉಳಿಸಿಕೊಳ್ಳಿ. ಆಸ್ಪತ್ರೆಯ ಹೊರರೋಗಿ ವಿಭಾಗ, ಎಸಿ ಬಸ್ಸು, ಲಿಫ್ಟ್. ನೂರು ಕಡೆ ಸಡಿಲವಾಗಿ ಹಾಕುವುದಕ್ಕಿಂತ ಇಂಥ ನಾಲ್ಕು ಕಡೆ ಬಿಗಿಯಾಗಿ ಹಾಕುವುದು ಮೇಲು.

ಲಸಿಕೆ: ಬ್ರ್ಯಾಂಡ್‌ಗಿಂತ ತಳಿ, ತಳಿಗಿಂತ ನೀವು ಯಾರು

ಫೈಜರ್ ಮತ್ತು ಮಾಡರ್ನಾ ಎಂಆರ್‌ಎನ್‌ಎ ಲಸಿಕೆಗಳು, ವೈರಸ್‌ನ ಮೈಮೇಲಿನ ಮುಳ್ಳಿನಂಥ ಸ್ಪೈಕ್ ಪ್ರೋಟೀನ್ ತಯಾರಿಸುವ ಸೂಚನೆಯನ್ನು ನಮ್ಮ ಜೀವಕೋಶಗಳಿಗೆ ಕೊಡುತ್ತವೆ. ನೊವಾವ್ಯಾಕ್ಸ್ ವೈರಸ್‌ನ ಸ್ಪೈಕ್ ಪ್ರೋಟೀನನ್ನೇ ಕೊಡುತ್ತದೆ. ಕೊವ್ಯಾಕ್ಸಿನ್, ಸಿನೋವ್ಯಾಕ್‌ನ ಕೊರೊನಾವ್ಯಾಕ್ ಇವುಗಳಲ್ಲಿ ಇರುವುದು ನಿಷ್ಕ್ರಿಯಗೊಳಿಸಿದ ಇಡೀ ವೈರಸ್. ಕೋವಿಶೀಲ್ಡ್ ಹೆಸರಿನಲ್ಲೂ ಬಂದ ಆಸ್ಟ್ರಾಜೆನೆಕಾ, ಜಾನ್ಸನ್, ಸ್ಪುಟ್ನಿಕ್ ಇವು ಅಡಿನೊವೈರಸ್ ಎಂಬ ಬೇರೊಂದು ವೈರಸ್ ಮೂಲಕ ಸ್ಪೈಕ್‌ನ ಮಾಹಿತಿ ತಲುಪಿಸುವಂಥವು. ಈ ಕೊನೆಯ ಬಗೆ ಈಗ ಬಹುತೇಕ ಹಿಂದೆ ಸರಿದಿದೆ. 2024ರ ಮೇ ತಿಂಗಳಲ್ಲಿ ಆಸ್ಟ್ರಾಜೆನೆಕಾದ ಯುರೋಪ್ ಪರವಾನಗಿಯನ್ನು ಕಂಪನಿಯೇ ಬೇಡಿಕೆ ಇಲ್ಲವೆಂದು ವಾಪಸ್ ಪಡೆಯಿತು.

2020ರ ಕೊನೆಯಲ್ಲಿ ಕೇಳಿಬಂದ 95% ಎಂಬ ಸಂಖ್ಯೆ ಜನರ ತಲೆಯಲ್ಲಿ ಇನ್ನೂ ಕೂತಿದೆ. ಅದು ಮೂಲ ತಳಿಯ ಎದುರು, ಲಸಿಕೆ ಹಾಕಿದ ಮೊದಲ ಕೆಲವು ತಿಂಗಳಲ್ಲಿ, ಲಕ್ಷಣ ಇರುವ ಕಾಯಿಲೆಯನ್ನು ತಡೆದ ಲೆಕ್ಕ. ವೈರಸ್ ಬದಲಾಯಿತು. ಈಗ ಲಸಿಕೆಯಿಂದ ನೆಗಡಿ ಕೆಮ್ಮೇ ಬರಬಾರದು ಎಂದು ನಿರೀಕ್ಷಿಸಿದರೆ ನಿರಾಸೆಯಾಗುತ್ತದೆ, ಆ ರಕ್ಷಣೆ ಕೆಲವೇ ತಿಂಗಳಲ್ಲಿ ಇಳಿಯುತ್ತದೆ. ಆಸ್ಪತ್ರೆ ಸೇರುವುದನ್ನು, ಸಾವನ್ನು ತಡೆಯುವ ರಕ್ಷಣೆ ಅದಕ್ಕಿಂತ ಹೆಚ್ಚು ಕಾಲ ನಿಲ್ಲುತ್ತದೆ. 'ಲಸಿಕೆ ಹಾಕಿಸಿಕೊಂಡರೂ ಬಂತಲ್ಲ' ಎನ್ನುವವರು ಈ ಎರಡನ್ನೂ ಒಂದೇ ಎಂದುಕೊಂಡಿರುತ್ತಾರೆ.

ಹಾಗಾಗಿ ಕೇಳಬೇಕಾದ ಮೊದಲ ಪ್ರಶ್ನೆ, ಇದು ಪರಿಷ್ಕೃತ ಲಸಿಕೆಯೇ ಎಂದು. 2023ರಲ್ಲಿ ಎಕ್ಸ್‌ಬಿಬಿ.1.5, 2024ರಲ್ಲಿ ಜೆಎನ್.1 ಅಥವಾ ಕೆಪಿ.2 ಹೀಗೆ ಆಗ ಹರಡುತ್ತಿದ್ದ ತಳಿಗೆ ಹೊಂದುವಂತೆ ಲಸಿಕೆಯನ್ನು ತಿದ್ದುತ್ತಾ ಬಂದಿದ್ದಾರೆ. ತಿದ್ದಿದ ಎರಡು ಬ್ರ್ಯಾಂಡ್ ಸಿಕ್ಕರೆ ಯಾವುದು ಬೇಗ ಸಿಗುತ್ತದೋ ಅದು. ಹಳೆಯ ಡೋಸ್‌ಗಳ ಬ್ರ್ಯಾಂಡೇ ಬೇಕು ಎಂದು ಕಾಯುತ್ತಾ ಅಲೆ ಮುಗಿಸುವುದು ಬೇಡ.

ಬ್ರ್ಯಾಂಡ್ ನೋಡಬೇಕಾದ ಸಂದರ್ಭಗಳೂ ಇವೆ. ಎಂಆರ್‌ಎನ್‌ಎ ಲಸಿಕೆಯ ನಂತರ ಅಪರೂಪಕ್ಕೆ ಹೃದಯದ ಸ್ನಾಯುವಿನ ಉರಿಯೂತ ಕಂಡಿದೆ, ಹೆಚ್ಚಾಗಿ ಹದಿಹರೆಯದ ಮತ್ತು ಎಳೆಯ ವಯಸ್ಸಿನ ಗಂಡಸರಲ್ಲಿ, ಎರಡನೇ ಡೋಸ್ ಆದ ಕೆಲವು ದಿನಗಳಲ್ಲಿ. ಬಹುತೇಕರು ಚೇತರಿಸಿಕೊಂಡಿದ್ದಾರೆ. ಹಿಂದೆ ಹಾಗಾಗಿದ್ದರೆ ವೈದ್ಯರನ್ನು ಕೇಳದೆ ಮುಂದಿನ ಡೋಸ್ ಬೇಡ. ಅಡಿನೊವೈರಸ್ ಬಗೆಯಲ್ಲಿ ಇನ್ನೂ ಅಪರೂಪದ, ಆದರೆ ಗಂಭೀರವಾದ ರಕ್ತ ಹೆಪ್ಪುಗಟ್ಟುವ ತೊಂದರೆ ಕಂಡಿತ್ತು. ಬೇರೆ ಆಯ್ಕೆ ಇರುವಾಗ ಅದನ್ನು ಬಿಡುವುದೇ ಸರಿ. ಎಂಆರ್‌ಎನ್‌ಎ ಲಸಿಕೆಯಲ್ಲಿ ಪಾಲಿಎಥಿಲೀನ್ ಗ್ಲೈಕಾಲ್ ಇದೆ, ನೊವಾವ್ಯಾಕ್ಸ್‌ನಲ್ಲಿ ಪಾಲಿಸಾರ್ಬೇಟ್ 80. ಇವುಗಳ ಅಲರ್ಜಿ ಇರುವವರು ಮೊದಲೇ ಹೇಳಿ. ಚುಚ್ಚಿಸಿಕೊಂಡ ಮೇಲೆ 15 ನಿಮಿಷ ಕೂರಿಸುವುದು ಇದನ್ನು ಗಮನಿಸಲೆಂದೇ. ಹಿಂದೆ ಜೋರು ಅಲರ್ಜಿ ಆಗಿದ್ದವರನ್ನು 30 ನಿಮಿಷ ಕೂರಿಸುತ್ತಾರೆ.

ಯಾರಿಗೆ ಹೆಚ್ಚು ಲಾಭ? ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರ ಗುಂಪು 2023ರ ಮಾರ್ಚ್‌ನಲ್ಲಿ ಜನರನ್ನು ಮೂರು ಆದ್ಯತೆಯಾಗಿ ವಿಂಗಡಿಸಿತು. ವಯಸ್ಸಾದವರು, ಗಂಭೀರ ಸಹಕಾಯಿಲೆ ಇರುವವರು, ರೋಗನಿರೋಧಕ ಶಕ್ತಿ ಕುಂದಿದವರು, ಗರ್ಭಿಣಿಯರು, ಮುಂಚೂಣಿ ಆರೋಗ್ಯ ಸಿಬ್ಬಂದಿ ಮೇಲಿನ ಸಾಲಿನಲ್ಲಿ. ಇವರಿಗೆ ಕೊನೆಯ ಡೋಸ್ ಆಗಿ 6 ಅಥವಾ 12 ತಿಂಗಳಿಗೆ ಮತ್ತೊಂದು. ಆರೋಗ್ಯವಾಗಿರುವ ಮಕ್ಕಳು, ಹದಿಹರೆಯದವರು ಕೆಳಗಿನ ಸಾಲಿನಲ್ಲಿ. ನಡುವಿನ ಸಾಲಿನ ಆರೋಗ್ಯವಂತ ವಯಸ್ಕರಿಗೆ ಮೊದಲ ಬೂಸ್ಟರ್ ಆದ ಮೇಲೆ ಮತ್ತೆ ಮತ್ತೆ ಡೋಸ್ ಎಂದು ಶಿಫಾರಸು ಮಾಡಿಲ್ಲ. ದೇಶದಿಂದ ದೇಶಕ್ಕೆ ಇದು ಬದಲಾಗುತ್ತದೆ, ನಿಮ್ಮ ಇಲಾಖೆಯ ಮಾತೇ ಅಂತಿಮ. ಗರ್ಭಿಣಿಯರ ವಿಷಯದಲ್ಲಿ ಇನ್ನೊಂದು ಲಾಭ ಇದೆ. ತಾಯಿಯ ಪ್ರತಿಕಾಯಗಳು ಮಗುವಿಗೆ ದಾಟುತ್ತವೆ, ಆರು ತಿಂಗಳೊಳಗಿನ ಮಗುವಿಗೆ ಲಸಿಕೆಯೇ ಇಲ್ಲದಿರುವುದರಿಂದ ಅದಕ್ಕೆ ಸಿಗುವ ರಕ್ಷಣೆ ಅದೇ.

ಈಚೆಗಷ್ಟೇ ಕೋವಿಡ್ ಬಂದು ಹೋಗಿದ್ದರೆ ಮೂರು ತಿಂಗಳು ಬಿಟ್ಟು ಹಾಕಿಸಿಕೊಂಡರೂ ನಡೆಯುತ್ತದೆ. ಫ್ಲೂ ಲಸಿಕೆಯನ್ನು ಅದೇ ದಿನ ಹಾಕಿಸಿಕೊಳ್ಳಬಹುದು.

ಕೆಲವು ಸಂದರ್ಭಗಳು

ನಾಳೆ ಅಜ್ಜಿಯನ್ನು ನೋಡಲು ಹೋಗಬೇಕು, ನಿಮಗೆ ಲಕ್ಷಣ ಏನೂ ಇಲ್ಲ. ಹೊರಡುವ ಮುಂಚೆ ಕಿಟ್ ಬಳಸಿ, ಹಿಂದಿನ ವಾರ ಅಲ್ಲ. ನೆಗೆಟಿವ್ ಬಂದರೂ ಅಲೆಯ ಕಾಲವಾದರೆ ಮಾಸ್ಕ್ ಹಾಕಿ, ಕಿಟಕಿ ತೆರೆದು ಕೂತು ಮಾತಾಡಿ. ಗಂಟಲು ಕೆರೆತ ಇದ್ದರೆ ಕಿಟ್ ಏನೇ ಹೇಳಲಿ, ಭೇಟಿ ಮುಂದಕ್ಕೆ ಹಾಕಿ. ಹೇಗಿದ್ದರೂ ಅವರಿಗೆ ಬೇರೆ ಸೋಂಕೂ ಬೇಡ ಅಲ್ವಾ?

ಕೋವಿಡ್ ಬಂದು ವಾರವಾಯಿತು, ಕೆಲಸಕ್ಕೆ ಹೋಗಬೇಕು. ಇಲ್ಲಿ ಪಿಸಿಆರ್ ಬೇಡ, ಆಂಟಿಜೆನ್ ಕಿಟ್ ಸಾಕು. ಜ್ವರದ ಮಾತ್ರೆ ತೆಗೆದುಕೊಳ್ಳದೆಯೂ ಜ್ವರವಿಲ್ಲದೆ ಒಂದು ದಿನ ಕಳೆದಿರಬೇಕು, ಲಕ್ಷಣಗಳು ಇಳಿಮುಖ ಆಗಿರಬೇಕು. ಕಿಟ್‌ನಲ್ಲಿ ಇನ್ನೂ ಗೆರೆ ಮೂಡುತ್ತಿದ್ದರೆ ಹರಡುವ ಸಾಧ್ಯತೆ ಉಳಿದಿದೆ ಎಂದೇ ತಿಳಿಯಿರಿ, ಹೋಗಲೇಬೇಕಾದರೆ ಬಿಗಿಯಾದ ಮಾಸ್ಕ್ ಹಾಕಿ, ಊಟಕ್ಕೆ ಒಬ್ಬರೇ ಕೂರಿ.

ಕೈಯಲ್ಲಿ ದುಡ್ಡು ಸಮಯ ಎರಡೂ ಕಡಿಮೆ, ಮನೆಯಲ್ಲಿ ಒಬ್ಬರು ವಯಸ್ಸಾದವರಿದ್ದಾರೆ. ನಾನಾದರೆ ಮೊದಲು ಅವರ ಲಸಿಕೆ ಮುಗಿಸುತ್ತೇನೆ, ಆಮೇಲೆ ಹೊರಗೆ ಓಡಾಡುವವರಿಗೆ ಎರಡು ಮೂರು ಒಳ್ಳೆಯ ಎನ್‌95. ಕಿಟ್‌ಗಳನ್ನು ರಾಶಿ ಹಾಕುವುದು ಕೊನೆಗೆ. ಅವುಗಳ ಅವಧಿ ಮುಗಿಯುತ್ತದೆ.

ಮನೆಯಲ್ಲೇ ಒಬ್ಬರಿಗೆ ಬಂದುಬಿಟ್ಟಿದೆ, ಇರುವುದು ಒಂದೆರಡು ಕೋಣೆ. ರೋಗಿಗೆ ಉಸಿರಾಟದ ತೊಂದರೆ ಇಲ್ಲದಿದ್ದರೆ ಯಾರಾದರೂ ಒಳಗೆ ಬಂದಾಗ ಸರ್ಜಿಕಲ್ ಮಾಸ್ಕ್ ಹಾಕಲಿ, ನೋಡಿಕೊಳ್ಳುವವರು ಎನ್‌95 ಹಾಕಲಿ. ಎಲ್ಲರೂ ಸರದಿ ಪ್ರಕಾರ ನೋಡಿಕೊಳ್ಳುವುದು ಬೇಡ, ಲಸಿಕೆ ಆಗಿರುವ, ಆರೋಗ್ಯವಾಗಿರುವ ಒಬ್ಬರೇ ನೋಡಿಕೊಳ್ಳಲಿ. ಟೇಬಲ್ ಫ್ಯಾನ್ ಇದ್ದರೆ ಕಿಟಕಿಯ ಕಡೆ ಮುಖ ಮಾಡಿಸಿ, ಕೋಣೆಯ ಗಾಳಿ ಹೊರಗೆ ಹೋಗಲಿ. ಬಚ್ಚಲು ಒಂದೇ ಆದರೆ ರೋಗಿ ಬಳಸಿ ಬಂದ ಮೇಲೆ ಕಿಟಕಿ ತೆರೆದು ಸ್ವಲ್ಪ ಹೊತ್ತು ಬಿಡಿ, ಆಮೇಲೂ ಮಾಸ್ಕ್ ಹಾಕಿಕೊಂಡೇ ಹೋಗಿ. ಉಸಿರು ಕಟ್ಟುತ್ತಿದ್ದರೆ, ಎದೆ ನೋವು ಬಿಡದಿದ್ದರೆ, ತುಟಿ ನೀಲಿಗಟ್ಟಿದರೆ, ಮಾತು ತೊದಲಿ ಗೊಂದಲವಾಗುತ್ತಿದ್ದರೆ ಯಾವ ಟೆಸ್ಟ್‌ಗೂ ಕಾಯದೆ ಆಸ್ಪತ್ರೆಗೆ ಕರೆದೊಯ್ಯಿರಿ.